ನೌಕರರ ಯೋಗಕ್ಷೇಮ ಆ್ಯಪ್‌ನ ಮೆನು ಹೊಸದಾಗಿ ಕಟ್ಟುವುದು ಹೇಗೆ? ದಾವಣಗೆರೆಯಿಂದ ಒಂದು ಸಮಗ್ರ ಮಾರ್ಗದರ್ಶಿ

ದಾವಣಗೆರೆ ಬಸ್ ನಿಲ್ದಾಣದಲ್ಲಿ ಹುಬ್ಬಳ್ಳಿ ಕಡೆ ಹೊರಟವರನ್ನು ಒಮ್ಮೆ ನೋಡಿ. ಬಸ್ಸು ಒಳಗೆ ಬಂದ ತಕ್ಷಣ ಎಲ್ಲರ ಕಣ್ಣು ಮುಂದಿನ ಬೋರ್ಡಿಗೆ ಹೋಗುತ್ತದೆ. ಹರಿಹರ, ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳಿ. ಅದು ಯಾವ ವಿಭಾಗದ, ಯಾವ ಡಿಪೋದ ಗಾಡಿ ಅನ್ನೋದನ್ನೂ ಬಸ್ಸಿನ ಮೇಲೆ ಸಣ್ಣದಾಗಿ ಬರೆದಿರುತ್ತಾರೆ. ಅದನ್ನು ಓದಿ ಬಸ್ ಹತ್ತುವವರು ಯಾರೂ ಇಲ್ಲ, ಅಲ್ವಾ?

ಯೋಗಕ್ಷೇಮ ಆ್ಯಪ್ ಅಂದರೆ ಆರೋಗ್ಯ, ಸಮಾಲೋಚನೆ, ಸವಲತ್ತುಗಳಿಗಾಗಿ ಕಂಪನಿ ತನ್ನ ನೌಕರರಿಗೆ ಕೊಡುವ ಆ್ಯಪ್. ನಾನು ಕೆಲಸ ಮಾಡಿದ ಅಂಥ ಒಂದು ಆ್ಯಪ್‌ನಲ್ಲಿ ಮುಂದಿನ ಬೋರ್ಡಿನ ಮೇಲೆ ಡಿಪೋ ಹೆಸರೇ ಇತ್ತು. 'ಸ್ವಾಸ್ಥ್ಯ ಸಂಪನ್ಮೂಲಗಳು', 'ಕಲಿಕಾ ಕೇಂದ್ರ', 'ಹಣಕಾಸು ಸ್ವಾಸ್ಥ್ಯ', 'ಸಮಾಲೋಚನಾ ಸೇವೆ', 'ಸಮೀಕ್ಷೆ'. ಕಂಪನಿಯ ಒಳಗೆ ಯಾವ ತಂಡ ಯಾವ ಕೆಲಸ ನೋಡಿಕೊಳ್ಳುತ್ತದೋ, ಅದೇ ಲೆಕ್ಕದಲ್ಲಿ ಮೆನು ಕಟ್ಟಿದ್ದರು. ಮೂರು ರಾತ್ರಿ ನಿದ್ದೆಯಿಲ್ಲದೆ ಬಂದ ಟೈಲರ್ ಅಕ್ಕನಿಗೆ ಇದರಲ್ಲಿ ತನ್ನ ಊರು ಯಾವುದು ಅಂತ ಗೊತ್ತಾಗುವುದು ಹೇಗೆ?

ಇಂಥ ಮೆನುವನ್ನು ಹೊಸದಾಗಿ ಕಟ್ಟುವ ಕೆಲಸವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಡಿಸೈನರ್‌ಗಳಿಗೂ ಆಗುತ್ತದೆ, ಆ್ಯಪ್ ಕೊಂಡು ನೌಕರರಿಗೆ ಕೊಡುವ ಎಚ್‌ಆರ್‌ನವರಿಗೂ ಆಗುತ್ತದೆ. ಗಾರ್ಮೆಂಟ್ಸ್ ಘಟಕ ಇರಲಿ, ರೈಸ್ ಮಿಲ್ ಇರಲಿ, ಪಿಬಿ ರಸ್ತೆಯ ಆಫೀಸ್ ಇರಲಿ, ದಾರಿ ಒಂದೇ.

1. ಈಗಿರುವ ಮೆನುವನ್ನು ಕಾಗದದ ಮೇಲೆ ಇಳಿಸಿ

ಪರದೆ ಡಿಸೈನ್ ಮಾಡುವ ಫಿಗ್ಮಾ ಸಾಫ್ಟ್‌ವೇರ್ ತೆರೆಯಲು ಅವಸರ ಬೇಡ. ಆ್ಯಪ್‌ನ ಪ್ರತಿ ಪುಟವನ್ನೂ ಒಂದು ಎಕ್ಸೆಲ್ ಶೀಟಿನಲ್ಲಿ ಬರೆಯಿರಿ. ಪುಟದ ಹೆಸರು, ಅದು ಯಾವುದರ ಒಳಗಿದೆ, ಅದನ್ನು ಯಾರು ನೋಡಿಕೊಳ್ಳುತ್ತಾರೆ, ಕಳೆದ ಮೂರು ತಿಂಗಳಲ್ಲಿ ಎಷ್ಟು ಜನ ತೆರೆದಿದ್ದಾರೆ. ಇಷ್ಟು ಕಾಲಂ ಸಾಕು. ಬರೆಯುತ್ತಾ ಹೋದರೆ ಒಂದೇ ವಿಷಯ ಎರಡು ಕಡೆ ಇರುವುದು, ಎರಡು ವರ್ಷದ ಹಿಂದಿನ ನಡಿಗೆ ಸ್ಪರ್ಧೆ ಇನ್ನೂ ಕೂತಿರುವುದು ಎಲ್ಲ ಹೊರಗೆ ಬರುತ್ತದೆ.

ಆಮೇಲೆ ಒಂದು ಲೆಕ್ಕ ಮಾಡಿ. ಆ್ಯಪ್ ತೆರೆದ ಮೇಲೆ, ಒಬ್ಬ ಆಪ್ತಸಮಾಲೋಚಕರ ಜೊತೆ ಮಾತಾಡಲು ಎಷ್ಟು ಸಲ ಒತ್ತಬೇಕು? ನಾನು ಎಣಿಸಿದಾಗ ಆರು ಸಲ ಬಂತು. ನಡುವೆ ಒಂದು ಫಾರ್ಮ್ ಬೇರೆ, ಅದರಲ್ಲಿ 'ಸಮಸ್ಯೆಯ ವಿಧ' ಆರಿಸಬೇಕಿತ್ತು. ಮನಸ್ಸು ಕುಸಿದಿರುವ ಹೊತ್ತಿನಲ್ಲಿ ಯಾರಿಗೆ ಅಷ್ಟು ತಾಳ್ಮೆ ಇರುತ್ತದೆ? ಈ ಸಂಖ್ಯೆಯನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ಮುಂದಿನ ಎಲ್ಲ ಜಗಳದಲ್ಲೂ ಅದು ನಿಮ್ಮ ಕಡೆ ನಿಲ್ಲುತ್ತದೆ.

2. ಜನ ಆಡುವ ಮಾತನ್ನು ಹೆಕ್ಕಿ

ಲೇಬಲ್‌ಗಳು, ಅಂದರೆ ಮೆನುವಿನ ಹೆಸರುಗಳು, ಮೀಟಿಂಗ್ ರೂಮಿನಲ್ಲಿ ಹುಟ್ಟಬಾರದು. ಮೊದಲು ಆ್ಯಪ್‌ನ ಸರ್ಚ್ ಪೆಟ್ಟಿಗೆಯಲ್ಲಿ ಜನ ಏನು ಟೈಪ್ ಮಾಡಿದ್ದಾರೆ ನೋಡಿ, ಹೆಸರು ತೆಗೆದು. ಆಮೇಲೆ ಕ್ಯಾಂಟೀನಿನಲ್ಲಿ ಕೂತು ಕೇಳಿಸಿಕೊಳ್ಳಿ. 'ಟೆನ್ಶನ್ ಜಾಸ್ತಿ ಆಗಿದೆ', 'ರಾತ್ರಿ ನಿದ್ದೆನೇ ಬರಲ್ಲ', 'ಸೊಂಟ ಹಿಡ್ಕೊಂಡಿದೆ', 'ಸಾಲದ ಕಂತು ತಲೆ ತಿನ್ನುತ್ತೆ'. 'ನನ್ನ ಮಾನಸಿಕ ಸ್ವಾಸ್ಥ್ಯ ಸರಿಯಿಲ್ಲ' ಅಂತ ಯಾರೂ ಹೇಳುವುದನ್ನು ನಾನು ಕೇಳಿಲ್ಲ.

ನಮ್ಮ ಕಡೆ 'ಮಾನಸಿಕ' ಅನ್ನುವ ಪದ ಇನ್ನೂ ಜನರನ್ನು ಹಿಂದೆ ಸರಿಸುತ್ತದೆ. ಅದನ್ನು ಒತ್ತಿದರೆ ತನಗೆ ಹುಚ್ಚು ಅಂತ ಒಪ್ಪಿಕೊಂಡ ಹಾಗೆ ಅನ್ನುವ ಅಂಜಿಕೆ. ಆ ಅಂಜಿಕೆ ಹೋಗಬೇಕು, ಹೋಗಿಸುವ ಕೆಲಸವೂ ನಡೆಯಬೇಕು. ಆದರೆ ಅದು ಹೋಗುವ ತನಕ ಸಹಾಯದ ಬಾಗಿಲಿಗೆ ಅದೇ ಬೋರ್ಡ್ ತೂಗಿಸಿದರೆ ಒಳಗೆ ಬರುವವರು ಕಡಿಮೆಯೇ. ನಿದ್ದೆ, ಟೆನ್ಶನ್, ಮೈಕೈ ನೋವು, ಮನೆ ವಿಷಯ, ಸಾಲ. ಈ ಐದು ಮಾತಿಂದ ಶುರು ಮಾಡಿ.

3. ಚೀಟಿ ಜೋಡಿಸಿ: ಕಾರ್ಡ್ ಸಾರ್ಟಿಂಗ್

ಇಡೀ ಕೆಲಸದ ಜೀವ ಇಲ್ಲಿದೆ, ಹಾಗಾಗಿ ಇದಕ್ಕೆ ಜಾಸ್ತಿ ಸಮಯ ಕೊಡಿ.

ಆ್ಯಪ್‌ನಲ್ಲಿರುವ ಒಂದೊಂದು ವಿಷಯವನ್ನೂ ಒಂದೊಂದು ಚೀಟಿಯಲ್ಲಿ ಬರೆಯಿರಿ. 30ರಿಂದ 40 ಚೀಟಿ ಸಾಕು, ಅದಕ್ಕಿಂತ ಜಾಸ್ತಿಯಾದರೆ ಜನಕ್ಕೆ ಸುಸ್ತಾಗುತ್ತದೆ. ಒಬ್ಬೊಬ್ಬರನ್ನೇ ಕೂರಿಸಿ, 'ಯಾವ್ಯಾವುದು ಜೊತೆಗಿರಬೇಕು ಅನ್ನಿಸುತ್ತೋ ಹಾಗೆ ಗುಂಪು ಮಾಡಿ, ಗುಂಪಿಗೆ ನೀವೇ ಹೆಸರಿಡಿ' ಅನ್ನಿ. ಎಷ್ಟು ಜನ ಬೇಕು? ಬಳಕೆದಾರರ ಅನುಭವದ ಬಗ್ಗೆ ಅಧ್ಯಯನ ಮಾಡುವ ತಜ್ಞ ಜೇಕಬ್ ನೀಲ್ಸನ್ 2004ರಲ್ಲಿ ಕೊಟ್ಟ ಸಲಹೆ 15 ಜನ. ಅಷ್ಟರಲ್ಲಿ ಗುಂಪುಗಳ ಆಕಾರ ಚೆನ್ನಾಗಿ ಕಾಣಿಸುತ್ತದೆ. ಟೈಲರ್, ಹೆಲ್ಪರ್, ಲೈನ್ ಸೂಪರ್‌ವೈಸರ್, ಆಫೀಸ್‌ನವರು, ಸೆಕ್ಯುರಿಟಿ ಎಲ್ಲರೂ ಅದರಲ್ಲಿ ಬರಲಿ.

ಕೆಲವು ವಿಷಯಗಳಲ್ಲಿ ಹಟ ಹಿಡಿಯಿರಿ. ಊಟದ ಬಿಡುವಿನಲ್ಲಿ ಇದನ್ನು ಮಾಡಿಸಬೇಡಿ, ಅದು ಅವರ ಸಮಯ. ಸಂಬಳದ ಹೊತ್ತಿನಲ್ಲೇ ಅರ್ಧ ಗಂಟೆ ಕೊಡಿಸುವಂತೆ ಕಂಪನಿಯನ್ನು ಒಪ್ಪಿಸಿ. ಸೂಪರ್‌ವೈಸರ್ ರೂಮಿನಲ್ಲಿ ಇರಬಾರದು, ಬಾಗಿಲ ಹೊರಗೂ ಇರಬಾರದು. 'ನಿಮಗೆ ಏನು ತೊಂದರೆ' ಅಂತ ಕೇಳಬೇಡಿ. ಚೀಟಿಯ ಬಗ್ಗೆ ಮಾತ್ರ ಮಾತಾಡಿ. ಬಾಯಿಬಿಟ್ಟು ತಮ್ಮ ಕಷ್ಟ ಹೇಳಿಕೊಂಡರೆ ಪೆನ್ನು ಕೆಳಗಿಟ್ಟು ಕೇಳಿಸಿಕೊಳ್ಳಿ, ಬರೆದುಕೊಳ್ಳಬೇಡಿ.

ನಮ್ಮ ಮೊದಲ ದಿನ ನಡೆದದ್ದನ್ನು ಹೇಳುತ್ತೇನೆ. ಕ್ಯಾಂಟೀನಿನ ಮೂಲೆಯ ಟೇಬಲ್. ಸಂಜೆ ಚಹಾ, ಪೇಪರ್ ಮೇಲೆ ಮಂಡಕ್ಕಿ, ಮಿರ್ಚಿ. ಹತ್ತಿರ ಹತ್ತಿರ ನಲವತ್ತೈದು ವಯಸ್ಸಿನ ಒಬ್ಬ ಟೈಲರ್ ಅಕ್ಕ ಚೀಟಿಗಳನ್ನು ಬಟ್ಟೆಯ ಪೀಸ್ ಜೋಡಿಸುವ ಹಾಗೆ ಚಕಚಕ ಜೋಡಿಸುತ್ತಿದ್ದರು. ಅಂಚಿಗೆ ಅಂಚು ಸರಿಯಾಗಿ. 'ಸಮಾಲೋಚನೆ' ಚೀಟಿ ಕೈಗೆ ಬಂತು. ಒಂದು ಕ್ಷಣ ತಡೆದರು. ಆಮೇಲೆ ಅದನ್ನು 'ದೂರು', 'ಮೆಮೊ', 'ರಜೆ ಕಡಿತ' ಇದ್ದ ಗುಂಪಿನ ಮೇಲಿಟ್ಟರು.

"ಅಕ್ಕ, ಇದನ್ನ ಯಾಕೆ ಇಲ್ಲಿಟ್ರಿ?" ಅಂತ ಕೇಳಿದೆ.

"ಕೌನ್ಸೆಲಿಂಗೇ ತಾನೆ ಸಾರ್ ಇದು? ಟಾರ್ಗೆಟ್ ಕಮ್ಮಿ ಆದ್ರೆ ಆಫೀಸ್ ರೂಮಿಗೆ ಕರ್ದು ಮಾಡ್ತಾರಲ್ಲ, ಅದು."

ಆಗ ಗೊತ್ತಾಯಿತು. ಆ ಘಟಕದಲ್ಲಿ ಟಾರ್ಗೆಟ್ ಮುಟ್ಟದವರನ್ನು ಕರೆದು ಬೈಯುವುದಕ್ಕೂ ಕೌನ್ಸೆಲಿಂಗ್ ಅಂತಲೇ ಕರೆಯುತ್ತಿದ್ದರು. ಎರಡು ವರ್ಷದಿಂದ ಆ ಬಟನ್ ಅಲ್ಲೇ ಇತ್ತು. ಜನ ಅದನ್ನು ಕಂಡಿದ್ದರು, ಓದಿದ್ದರು, ಬೇಕಂತಲೇ ಒತ್ತದೆ ಬಿಟ್ಟಿದ್ದರು. ನಾವು ಮಾತ್ರ 'ಬಟನ್ ಕಾಣಿಸುತ್ತಿಲ್ಲವೇನೋ' ಅಂತ ಅದರ ಬಣ್ಣ ಬದಲಾಯಿಸುತ್ತಾ ಕೂತಿದ್ದೆವು. ಅವತ್ತು ಮನೆಗೆ ಹೋದ ಮೇಲೂ ಆ ಚೀಟಿ ಕಣ್ಣ ಮುಂದೆಯೇ ಇತ್ತು.

ಎಲ್ಲರ ಗುಂಪುಗಳೂ ಬಂದ ಮೇಲೆ ಒಂದು ಶೀಟಿನಲ್ಲಿ ಹಾಕಿ, ಯಾವ ಎರಡು ಚೀಟಿಗಳು ಎಷ್ಟು ಜನರಲ್ಲಿ ಒಂದೇ ಗುಂಪಿಗೆ ಬಂದಿವೆ ಎಣಿಸಿ. 15ರಲ್ಲಿ 11, 12 ಜನ ಜೊತೆಗಿಟ್ಟಿದ್ದರೆ ಕಣ್ಣುಮುಚ್ಚಿ ಜೊತೆಗಿಡಿ. ಅಲ್ಲೊಬ್ಬರು ಇಲ್ಲೊಬ್ಬರು ಇಟ್ಟ ಚೀಟಿಗಳನ್ನು ಬೇರೆ ತೆಗೆದಿಡಿ. ಸಾಮಾನ್ಯವಾಗಿ ಅವುಗಳ ಹೆಸರೇ ಕೆಟ್ಟಿರುತ್ತದೆ, ಜಾಗ ಅಲ್ಲ.

4. ಟ್ಯಾಬ್ ಎಷ್ಟು, ಎಲ್ಲಿ

ಮೂರು ಗೆರೆಯ ಹ್ಯಾಂಬರ್ಗರ್ ಮೆನು 1981ರ ಜೆರಾಕ್ಸ್ ಸ್ಟಾರ್ ಕಂಪ್ಯೂಟರಿಗಾಗಿ ನಾರ್ಮ್ ಕಾಕ್ಸ್ ಬರೆದ ಗುರುತು. ಜಾಗ ಉಳಿಸುತ್ತದೆ, ನಿಜ. ಆದರೆ ಅದೇ ನೀಲ್ಸನ್ ಅವರ ಸಂಶೋಧನಾ ಸಂಸ್ಥೆ ನೀಲ್ಸನ್ ನಾರ್ಮನ್ ಗ್ರೂಪ್ 2016ರಲ್ಲಿ ಪರೀಕ್ಷಿಸಿದಾಗ, ಮೆನು ಮುಚ್ಚಿಟ್ಟರೆ ಒಳಗಿನ ವಿಷಯ ಜನರ ಕಣ್ಣಿಗೆ ಬೀಳುವುದು ಹೆಚ್ಚೂಕಡಿಮೆ ಅರ್ಧಕ್ಕೆ ಇಳಿದಿತ್ತು. ಸಹಾಯದ ದಾರಿಯನ್ನು ಅಂಥ ಕಡೆ ಇಡಬೇಡಿ.

ಪರದೆಯ ತಳದಲ್ಲಿ ಟ್ಯಾಬ್‌ಗಳನ್ನು, ಅಂದರೆ ಮುಖ್ಯ ಬಟನ್‌ಗಳನ್ನು, ಸಾಲಾಗಿ ಇಡುವ ಪಟ್ಟಿಯೇ ಒಳ್ಳೆಯದು. ಮೊಬೈಲ್ ಡಿಸೈನ್ ತಜ್ಞ ಸ್ಟೀವನ್ ಹೂಬರ್ 2013ರಲ್ಲಿ ಬಸ್ಸು, ಬೀದಿ, ಹೋಟೆಲುಗಳಲ್ಲಿ 1,333 ಜನ ಫೋನ್ ಹಿಡಿಯುವುದನ್ನು ಗಮನಿಸಿದರು. ಅವರಲ್ಲಿ ಪರದೆ ಮುಟ್ಟಿ ಬಳಸುತ್ತಿದ್ದವರ ಪೈಕಿ 49% ಜನ ಒಂದೇ ಕೈಯಲ್ಲಿ ಬಳಸುತ್ತಿದ್ದರು. ನಮ್ಮಲ್ಲಿ ಒಂದು ಕೈಯಲ್ಲಿ ಟಿಫಿನ್ ಬ್ಯಾಗ್, ಇನ್ನೊಂದರಲ್ಲಿ ಫೋನ್. ಹೆಬ್ಬೆರಳು ಸಲೀಸಾಗಿ ಸಿಗುವ ಜಾಗ ಪರದೆಯ ಕೆಳಗಡೆಯೇ.

ಗೂಗಲ್‌ನ ಡಿಸೈನ್ ಸೂತ್ರಗಳಾದ ಮೆಟೀರಿಯಲ್ ಡಿಸೈನ್ ಕೆಳಗಿನ ಪಟ್ಟಿಗೆ ಮೂರರಿಂದ ಐದು ಟ್ಯಾಬ್ ಹೇಳುತ್ತದೆ. ನನ್ನ ಅಭಿಪ್ರಾಯ ನಾಲ್ಕು. ನಾವು ಕೊನೆಗೆ ಇಟ್ಟದ್ದು ಇವು: 'ಇವತ್ತು', 'ಮಾತಾಡಿ', 'ಸವಲತ್ತು', 'ನಾನು'.

'ಇವತ್ತು' ಒಳಗೆ ನಿದ್ದೆ, ಟೆನ್ಶನ್, ನೋವು, ಮನೆ, ಸಾಲ. 'ಸವಲತ್ತು' ಒಳಗೆ ಇಎಸ್‌ಐ, ಪಿಎಫ್, ರಜೆ, ಶಿಶುಪಾಲನಾ ಕೇಂದ್ರ. 'ನಾನು' ಒಳಗೆ ಭಾಷೆ, ಪಾಸ್‌ವರ್ಡ್, ಖಾಸಗಿತನ. 'ಮಾತಾಡಿ' ಒಳಗೆ ಮೊದಲ ಪರದೆಯಲ್ಲೇ ಮೂರು ದೊಡ್ಡ ಬಟನ್: ಫೋನಲ್ಲಿ, ಬರೆದು, ಎದುರಾಎದುರು. ಅದರ ಕೆಳಗೆ ಟೆಲಿ ಮನಸ್‌ನ 14416. ಕೇಂದ್ರ ಸರ್ಕಾರದ ಈ ಮಾನಸಿಕ ಆರೋಗ್ಯ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲು ರಾತ್ರಿ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಕಂಪನಿಗೆ ಸಂಬಂಧವಿಲ್ಲದ ಒಂದು ನಂಬರ್ ಅಲ್ಲಿ ಇರಲೇಬೇಕು. ಕಂಪನಿ ಕೊಟ್ಟ ಸಮಾಲೋಚಕರನ್ನು ನಂಬದವರೂ ಇರುತ್ತಾರೆ, ಅವರಿಗೆ ಅದೇ ಬಾಗಿಲು. ಈ ನಂಬರ್ ಲಾಗಿನ್ ಪರದೆಯಲ್ಲೂ ಇರಲಿ. ಪಾಸ್‌ವರ್ಡ್ ಮರೆತವರು ಹೊರಗೇ ಉಳಿಯಬಾರದು.

ಲೈಂಗಿಕ ಕಿರುಕುಳದ ದೂರನ್ನು 'ಮಾತಾಡಿ' ಒಳಗೆ ಬೆರೆಸಬೇಡಿ. 2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಬೇಕು, ದೂರು ಅಲ್ಲಿಗೆ ಹೋಗಬೇಕು. ಮನಸ್ಸಿನ ಮಾತು ಯಾರಿಗೂ ಹೋಗಬಾರದು, ದೂರು ಸಮಿತಿಗೆ ಹೋಗಲೇಬೇಕು. ಎರಡಕ್ಕೂ ಒಂದೇ ಬಾಗಿಲು ಇಟ್ಟರೆ ಜನ ಎರಡನ್ನೂ ಬಿಡುತ್ತಾರೆ. 'ದೂರು ಕೊಡಬೇಕು' ಅಂತ ಬೇರೆ ಸಾಲು ಇರಲಿ, 'ಮಾತಾಡಿ' ಪುಟದಿಂದ ಅಲ್ಲಿಗೆ ಒಂದು ಕೊಂಡಿ ಸಾಕು.

5. ಕನ್ನಡ ಅಕ್ಷರಕ್ಕೆ ಜಾಗ ಕೊಡಿ

ಇಂಗ್ಲಿಷಿನಲ್ಲಿ ಡಿಸೈನ್ ಮುಗಿಸಿ ಕೊನೆಗೆ ಕನ್ನಡ ತುಂಬಿಸಿದರೆ ಕೆಡುತ್ತದೆ. ಸಾಮಾನ್ಯ ಆಂಡ್ರಾಯ್ಡ್ ಫೋನಿನ ಪರದೆ 360 ಡಿಪಿ ಅಗಲ (ಡಿಪಿ ಅಂದರೆ ಆಂಡ್ರಾಯ್ಡ್ ಪರದೆಯನ್ನು ಅಳೆಯುವ ಮಾನ). ನಾಲ್ಕು ಟ್ಯಾಬ್ ಇಟ್ಟರೆ ಒಂದಕ್ಕೆ 90, ಐದಿಟ್ಟರೆ 72. 'ಸಂಪನ್ಮೂಲಗಳು' ಅಲ್ಲಿ ಹಿಡಿಯುವುದಿಲ್ಲ, 'ಸಂಪನ್ಮೂ...' ಅಂತ ಕತ್ತರಿಸಿ ನಿಲ್ಲುತ್ತದೆ. ಸಣ್ಣ ಮಾತು ಹುಡುಕುವುದಕ್ಕೆ ಇದೂ ಒಂದು ಕಾರಣ.

ಒತ್ತಕ್ಷರಗಳನ್ನು ಬೇರೆಯಾಗಿ ಪರೀಕ್ಷಿಸಿ. 'ಸ್ವಾಸ್ಥ್ಯ' ಅಂತ ಬರೆದು ನೋಡಿ. 'ಸ್ಥ್ಯ'ದ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ. ಸಾಲಿನ ಎತ್ತರ ಇಂಗ್ಲಿಷ್ ಲೆಕ್ಕದಲ್ಲಿದ್ದರೆ ಬುಡವೇ ಕತ್ತರಿಸಿಹೋಗುತ್ತದೆ. ಒತ್ತುವ ಜಾಗ ಆಂಡ್ರಾಯ್ಡ್‌ನಲ್ಲಿ ಕನಿಷ್ಠ 48 ಡಿಪಿ, ಐಫೋನಿನಲ್ಲಿ 44 ಪಾಯಿಂಟ್ ಇರಲಿ. ಆಂಡ್ರಾಯ್ಡ್ 14ರಿಂದ ಅಕ್ಷರವನ್ನು 200% ತನಕ ದೊಡ್ಡದು ಮಾಡಬಹುದು. ಹಾಗೆ ಮಾಡಿಯೂ ಮೆನು ಓದಲು ಬರುತ್ತದಾ ನೋಡಿ. ಕನ್ನಡಕ ಮನೆಯಲ್ಲಿ ಬಿಟ್ಟು ಬರುವವರು ಪ್ರತಿ ಲೈನಿನಲ್ಲೂ ಇದ್ದಾರೆ.

ಬರೀ ಐಕಾನ್ ಬೇಡ, ಜೊತೆಗೆ ಪದ ಇರಲೇಬೇಕು. ಕಮಲದ ಹೂವಿನ ಐಕಾನ್ ನೋಡಿ ಒಬ್ಬರು ಪೂಜೆ ಅಂದರು, ಇನ್ನೊಬ್ಬರು ಪಾರ್ಟಿ ಅಂದರು.

6. ಪಕ್ಕದವರಿಗೆ ಕಾಣಬಾರದು

ಕೆಲಸ ಬಿಟ್ಟ ಮೇಲೆ ಫ್ಯಾಕ್ಟರಿ ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ನಾಲ್ವರು ಕೂತಿರುತ್ತಾರೆ. ಒಬ್ಬರ ಫೋನ್ ನಾಲ್ವರಿಗೂ ಕಾಣುತ್ತದೆ. ಮನೆಯಲ್ಲಿ ಅದೇ ಫೋನು ಮಗನ ಕೈಯಲ್ಲಿ, ಗಂಡನ ಕೈಯಲ್ಲಿ. ಹಾಗಾಗಿ ಮೊದಲ ಪರದೆಯಲ್ಲಿ 'ನಿಮ್ಮ ಖಿನ್ನತೆ ಪರೀಕ್ಷೆ ಬಾಕಿ ಇದೆ' ಅಂತ ಬರಲೇಬಾರದು. 'ಮಾತಾಡಿ' ಅನ್ನುವ ಲೇಬಲ್ ನಮಗೆ ಇಷ್ಟವಾದದ್ದು ಇದೇ ಕಾರಣಕ್ಕೆ. ಯಾರು ನೋಡಿದರೂ ಅದರಲ್ಲಿ ಏನೂ ತಿಳಿಯುವುದಿಲ್ಲ.

ನೋಟಿಫಿಕೇಶನ್ ಕೂಡ ಮೆನುವಿನ ಭಾಗವೇ, ಅದೂ ಒಂದು ಬಾಗಿಲು. 'ನಾಳೆ 4ಕ್ಕೆ ನಿಮ್ಮ ಕೌನ್ಸೆಲಿಂಗ್' ಅಂತ ಲಾಕ್ ಪರದೆಯ ಮೇಲೆ ಹೊಳೆದರೆ ಮುಗಿಯಿತು. 'ನಾಳೆ 4ಕ್ಕೆ ಒಂದು ನೆನಪು' ಅಂದರೆ ಸಾಕು. ಆಂಡ್ರಾಯ್ಡ್‌ನಲ್ಲಿ 'ಮಾತಾಡಿ' ಪುಟಗಳಿಗೆ ಫ್ಲ್ಯಾಗ್ ಸೆಕ್ಯೂರ್ ಹಾಕಿಸಿ. ಆಗ ಸ್ಕ್ರೀನ್‌ಶಾಟ್ ಬರುವುದಿಲ್ಲ, ಇತ್ತೀಚಿನ ಆ್ಯಪ್‌ಗಳ ಪಟ್ಟಿಯಲ್ಲೂ ಒಳಗಿನದು ಕಾಣುವುದಿಲ್ಲ.

'ಇದನ್ನು ಯಾರು ನೋಡುತ್ತಾರೆ?' ಅನ್ನುವ ಒಂದು ಸಾಲನ್ನು ಬಟನ್ ಕೆಳಗೇ ಬರೆಯಿರಿ, ನಿಯಮಗಳ ಪುಟದಲ್ಲಿ ಹೂಳಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಮಾಹಿತಿಯ ಗೋಪ್ಯತೆಯನ್ನು ಹಕ್ಕು ಅಂತಲೇ ಹೇಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಓದುವ ಅವಕಾಶ ಕೊಡಬೇಕು ಅನ್ನುತ್ತದೆ. ಕನ್ನಡ ಅದರಲ್ಲಿದೆ. ಎಚ್‌ಆರ್‌ನವರು ಅನುಮಾನಿಸಿದರೆ ಇವೆರಡನ್ನೂ ಮುಂದಿಡಿ.

7. ಡಿಸೈನಿಗೆ ಮೊದಲು ಟ್ರೀ ಟೆಸ್ಟ್

ಬಣ್ಣ, ಚಿತ್ರ ಏನೂ ಇಲ್ಲದೆ ಬರೀ ಹೆಸರುಗಳ ಮರ ಇಟ್ಟು, ಒಂದು ಕೆಲಸ ಹೇಳಿ, ಎಲ್ಲಿ ಒತ್ತುತ್ತೀರಿ ಅಂತ ಕೇಳುವುದೇ ಟ್ರೀ ಟೆಸ್ಟ್. ಕಾಗದದಲ್ಲೂ ಆಗುತ್ತದೆ. ಮೊದಲ ಪಟ್ಟಿ ತೋರಿಸಿ, ಆರಿಸಿದ ಮೇಲೆ ಅದರ ಒಳಗಿನ ಪಟ್ಟಿ ತೋರಿಸಿ. ಹಳೇ ಮೆನುವಿಗೂ ಹೊಸ ಮೆನುವಿಗೂ ಅದೇ ಪ್ರಶ್ನೆಗಳನ್ನು ಕೇಳಿ, ಆದರೆ ಬೇರೆ ಬೇರೆ ಜನರಿಗೆ. ಒಬ್ಬರೇ ಎರಡನ್ನೂ ಮಾಡಿದರೆ ಎರಡನೆಯದು ಸುಲಭವಾಗಿಬಿಡುತ್ತದೆ.

ಗಮನಿಸಬೇಕಾದ್ದು ಎರಡು. ಸರಿಯಾದ ಜಾಗ ಮುಟ್ಟಿದರಾ? ಹಿಂದೆ ಮುಂದೆ ಓಡಾಡದೆ ನೇರವಾಗಿ ಮುಟ್ಟಿದರಾ? ಸರಿಯಾದ ಜಾಗ ಸಿಕ್ಕಿದರೂ ಮೂರು ಕಡೆ ಇಣುಕಿ ಬಂದಿದ್ದರೆ ಲೇಬಲ್ ಇನ್ನೂ ಗಟ್ಟಿಯಾಗಿಲ್ಲ.

ಪ್ರಶ್ನೆ ಬರೆಯುವಾಗ ಎಚ್ಚರ. ನಾನು ಮೊದಲು ಬರೆದದ್ದು: 'ಮೂರು ದಿನದಿಂದ ಬೇಜಾರು. ತಿಳಿದವರ ಹತ್ತಿರ ಮಾತಾಡಬೇಕು. ಎಲ್ಲಿ ಒತ್ತುತ್ತೀರಿ?' ಎಲ್ಲರೂ 'ಮಾತಾಡಿ' ಒತ್ತಿದರು. ಖುಷಿಯಾಯಿತು. ಸಂಜೆ ಶೀಟ್ ನೋಡುವಾಗ ಗೊತ್ತಾಯಿತು, ಉತ್ತರ ಪ್ರಶ್ನೆಯೊಳಗೇ ಇದೆ. ಆ ದಿನದ ಆ ಪ್ರಶ್ನೆಯ ಫಲಿತಾಂಶವನ್ನು ಪೂರ್ತಿ ಬಿಟ್ಟೆವು. ಮತ್ತೆ ಬರೆದದ್ದು: 'ಮಗಳ ಫೀಸು ಕಟ್ಟಿಲ್ಲ, ಅತ್ತೆ ಆಸ್ಪತ್ರೆಯಲ್ಲಿ. ಎದೆ ಭಾರ, ಊಟ ಸೇರ್ತಿಲ್ಲ. ಕಂಪನಿ ಕಡೆಯಿಂದ ಏನಾದರೂ ಸಹಾಯ ಇದೆಯಾ ನೋಡಬೇಕು.' ಈಗ ಕೆಲವರು 'ಸವಲತ್ತು' ಒತ್ತಿದರು. ಅವರು ತಪ್ಪು ಅಂತ ನನಗೆ ಅನ್ನಿಸಲಿಲ್ಲ. ಕಷ್ಟ ಬಂದಾಗ ಜನ ಮೊದಲು ದುಡ್ಡಿನ ದಾರಿ ಹುಡುಕುತ್ತಾರೆ. ಹಾಗಾಗಿ 'ಸವಲತ್ತು' ಪುಟದ ಕೊನೆಯಲ್ಲೂ 'ಯಾರ ಹತ್ತಿರನಾದರೂ ಮಾತಾಡಬೇಕಾ?' ಅಂತ ಒಂದು ಸಾಲು ಸೇರಿಸಿದೆವು.

ಇದಾದ ಮೇಲೆ ಫಿಗ್ಮಾದಲ್ಲಿ ಪ್ರೊಟೊಟೈಪ್, ಅಂದರೆ ಒತ್ತಿ ನೋಡಬಹುದಾದ ಮಾದರಿ, ಮಾಡಿ ಐದು ಜನರ ಕೈಗೆ ಕೊಡಿ, ಸರಿಪಡಿಸಿ, ಮತ್ತೆ ಐದು ಜನ. ಅವರದೇ ಫೋನಿನಲ್ಲಿ, ಅವರದೇ ಬಿರುಕು ಬಿಟ್ಟ ಗಾಜಿನ ಮೇಲೆ.

8. ಹಳೇ ದಾರಿಗಳನ್ನು ಮುಚ್ಚಬೇಡಿ

ಪಂಚಿಂಗ್ ಮಷಿನ್ ಪಕ್ಕದ ಗೋಡೆಯ ಕ್ಯೂಆರ್ ಪೋಸ್ಟರ್, ಹಳೇ ಎಸ್‌ಎಂಎಸ್, ವಾಟ್ಸಾಪ್ ಗುಂಪಿನ ಲಿಂಕ್, ತರಬೇತಿಯ ಸ್ಲೈಡ್. ಇವೆಲ್ಲ ಹಳೇ ಪುಟಗಳಿಗೆ ಹೋಗುತ್ತವೆ. ಹಂತ 1ರ ಶೀಟಿಗೆ ಇನ್ನೊಂದು ಕಾಲಂ ಸೇರಿಸಿ, ಪ್ರತಿ ಹಳೇ ವಿಳಾಸ ಹೊಸದರಲ್ಲಿ ಎಲ್ಲಿಗೆ ಹೋಗಬೇಕು ಅಂತ ಬರೆಯಿರಿ. ಒಂದೂ ಖಾಲಿ ಪುಟಕ್ಕೆ ಬೀಳಬಾರದು. ಧೈರ್ಯ ಮಾಡಿ ಪೋಸ್ಟರ್ ಸ್ಕ್ಯಾನ್ ಮಾಡಿದವರಿಗೆ 'ಪುಟ ಸಿಗಲಿಲ್ಲ' ಅಂತ ಬಂದರೆ ಅವರು ಎರಡನೇ ಸಲ ಬರುವುದಿಲ್ಲ.

9. ಬಿಡುಗಡೆ

ಪ್ಲೇ ಸ್ಟೋರಿನಲ್ಲಿ 10%, 20% ಅಂತ ಬಿಡುವ ಸೌಲಭ್ಯ ಇದೆ. ಆದರೆ ಅಕ್ಕಪಕ್ಕದ ಮಷಿನ್‌ನವರಲ್ಲಿ ಒಬ್ಬರಿಗೆ ಹಳೇ ಮೆನು, ಇನ್ನೊಬ್ಬರಿಗೆ ಹೊಸದು ಬಂದರೆ ಒಬ್ಬರಿಗೊಬ್ಬರು ಹೇಳಿಕೊಡಲು ಆಗುವುದಿಲ್ಲ. ನಮ್ಮಲ್ಲಿ ಜನ ಆ್ಯಪ್ ಕಲಿಯುವುದೇ ಪಕ್ಕದವರಿಂದ. ಹಾಗಾಗಿ ಘಟಕದ ಲೆಕ್ಕದಲ್ಲಿ ಬಿಡಿ, ಮೊದಲು ಒಂದು ಘಟಕ ಪೂರ್ತಿ. ಬೋನಸ್ ಕೊಡುವ ವಾರ, ದೀಪಾವಳಿ, ಯುಗಾದಿ ಎದುರಿಗೆ ಬೇಡ.

ಹೊಸ ಮೆನು ಹೇಳಿಕೊಡಲು ಐದು ಪರದೆಯ ಟೂರ್ ಹಾಕಬೇಡಿ, ಎಲ್ಲರೂ 'ಮುಂದೆ' ಒತ್ತಿಬಿಡುತ್ತಾರೆ. ಜಾಗ ಬದಲಾದ ಕಡೆ ಒಂದೊಂದು ಸಾಲು ಸಾಕು: 'ರಜೆ ಈಗ ಸವಲತ್ತಿನಲ್ಲಿದೆ.'

10. ಏನನ್ನು ಅಳೆಯಬೇಕು

ಆ್ಯಪ್‌ನಲ್ಲಿ ಎಷ್ಟು ನಿಮಿಷ ಕಳೆದರು ಅನ್ನುವ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬೇಗ ಸಿಕ್ಕಿ ಬೇಗ ಹೊರಗೆ ಹೋದರೆ ಅದೇ ಒಳ್ಳೆಯದು. ಸಹಾಯಕ್ಕೆ ಎಷ್ಟು ಸಲ ಒತ್ತಬೇಕು, ಮೊದಲ ಒತ್ತು ಸರಿಯಾದ ಟ್ಯಾಬಿಗೆ ಬಿತ್ತಾ, ಸರ್ಚಿನಲ್ಲಿ ಏನೂ ಸಿಗದೆ ಹೋದ ಪದಗಳು ಯಾವುವು, ಇವನ್ನು ನೋಡಿ. ನಮ್ಮ ಆರು ಒತ್ತು ಎರಡಕ್ಕೆ ಇಳಿಯಿತು: 'ಮಾತಾಡಿ', 'ಫೋನಲ್ಲಿ'. ಫಾರ್ಮ್ ತೆಗೆದೆವು, ಸಮಸ್ಯೆ ಏನು ಅಂತ ಸಮಾಲೋಚಕರೇ ಮೆಲ್ಲಗೆ ಕೇಳಿಕೊಳ್ಳುತ್ತಾರೆ.

ವರದಿ ಕೊಡುವಾಗ ಸಣ್ಣ ಗುಂಪಿನ ಸಂಖ್ಯೆ ತೋರಿಸಬೇಡಿ. ನಾಲ್ಕೇ ಜನ ಇರುವ ಸ್ಟೋರ್ ವಿಭಾಗದಲ್ಲಿ 'ಇಬ್ಬರು ಬಳಸಿದ್ದಾರೆ' ಅಂದರೆ ಯಾರು ಅಂತ ಮಧ್ಯಾಹ್ನದೊಳಗೆ ಎಲ್ಲರಿಗೂ ಗೊತ್ತು. ಒಂದು ಮಿತಿ ಹಾಕಿಕೊಳ್ಳಿ, ಅದಕ್ಕಿಂತ ಕಡಿಮೆ ಜನರಿರುವ ವಿಭಾಗದ ಅಂಕಿ ವರದಿಯಲ್ಲಿ ಬರಲೇಬಾರದು. ಮ್ಯಾನೇಜರ್ ಎಷ್ಟೇ ಕೇಳಿದರೂ ಬರಬಾರದು. ಇದನ್ನು ಒಪ್ಪಂದದಲ್ಲೇ ಬರೆಸಿ.

ಸಿಗದೆ ಹೋದ ಪದಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ಓದಿ. ನಮಗೆ ಎರಡನೇ ತಿಂಗಳಲ್ಲಿ ಸಿಕ್ಕಿದ್ದು 'ಕುಡಿತ'. ನಾವು ಆ ವಿಷಯಕ್ಕೆ 'ವ್ಯಸನಮುಕ್ತಿ' ಅಂತ ಹೆಸರಿಟ್ಟು 'ಇವತ್ತು' ಪುಟದ ತಳದಲ್ಲಿಟ್ಟಿದ್ದೆವು. ಹುಡುಕಿದವರು ಕುಡಿಯುವವರೋ, ಅವರ ಮನೆಯವರೋ ತಿಳಿಯದು. ಮುಂದಿನ ಅಪ್‌ಡೇಟಿನಲ್ಲಿ ಹೆಸರು ಬದಲಾಯಿಸಿ, ಒಳಗೆ ಎರಡು ಸಾಲು ಇಟ್ಟೆವು: 'ನನಗೆ ಬಿಡಬೇಕು', 'ಮನೆಯಲ್ಲಿ ಒಬ್ಬರು ಕುಡಿಯುತ್ತಾರೆ'.